ಕ್ಯಾಮೆರಾ ಕೈಯಲ್ಲಿ ಇರುವ ಹೊತ್ತೇ ಕಡಿಮೆ ಆಗಿದೆ. ಫೋಟೊಗ್ರಫಿಯನ್ನೇ ನಂಬಿರುವವರು ಹೇಳಿ, ನಿಮ್ಮನ್ನು ಹಿಡಿದಿಟ್ಟಿರುವುದು ಏನು?

ಮೂರನೇಕಣ್ಣು
ಎಲ್ಲರಿಗೂ ನಮಸ್ಕಾರ. 14 ವರ್ಷದಿಂದ ಫೋಟೊ ತೆಗೆದೇ ಜೀವನ ನಡೆಸುತ್ತಿದ್ದೇನೆ. ಮದುವೆ, ಕಂಪನಿ ಕಾರ್ಯಕ್ರಮ, ಕಾರ್ಖಾನೆ, ವಾರ್ಷಿಕ ವರದಿಗೆ ಬೇಕಾದ ಫೋಟೊ, ಹೀಗೆ ಬಂದದ್ದೆಲ್ಲ ಮಾಡುತ್ತೇನೆ. ಕೆಲಸಕ್ಕೆ ಬರ ಇಲ್ಲ. ಆದರೂ ಈಚೆಗೆ ಬೆಳಿಗ್ಗೆ ಬ್ಯಾಗ್ ಹೆಗಲಿಗೆ ಹಾಕುವಾಗ ಮನಸ್ಸೇ ಏಳುವುದಿಲ್ಲ.

ಯಾಕೆ ಹೀಗಾಗಿದೆ ಅಂತ ನೋಡೋಣ ಎಂದು ಕಳೆದ ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಗಂಟೆಗಳ ಲೆಕ್ಕ ಬರೆದಿಟ್ಟೆ. ಒಟ್ಟು 212 ಗಂಟೆ. ಶೂಟ್ ಮಾಡಿದ್ದು 41. ಓಡಾಟ 38. ಫೋನು, ಕೊಟೇಶನ್, ಬಿಲ್ಲು, ಬಾಕಿ ಹಣಕ್ಕೆ ದುಂಬಾಲು ಬೀಳುವುದು, ಇದಕ್ಕೆ 57. ಉಳಿದ 76 ಕಂಪ್ಯೂಟರ್ ಮುಂದೆ. ಕಾಪಿ ಮಾಡುವುದು, ಬ್ಯಾಕಪ್, ಬಣ್ಣ ಸರಿ ಮಾಡುವುದು, ಆಲ್ಬಂ ಜೋಡಿಸುವುದು.

ಐದರಲ್ಲಿ ಒಂದು ಪಾಲು ಕೂಡ ಕ್ಯಾಮೆರಾ ಹಿಡಿದಿಲ್ಲ. ನಾನು ಫೋಟೊಗ್ರಾಫರ್ ಅಂತ ಹೇಳಿಕೊಳ್ಳುವುದಾದರೂ ಹೇಗೆ? ನಿಮಗೂ ಹೀಗೇನಾ? ಮತ್ತೆ ಮತ್ತೆ ಈ ಕೆಲಸಕ್ಕೆ ಎಳೆದು ತರುವುದು ಏನು? "ಪ್ಯಾಶನ್" ಅಂತ ಒಂದೇ ಪದದಲ್ಲಿ ಮುಗಿಸಬೇಡಿ, ದಯವಿಟ್ಟು. ನಿಜವಾಗಿ ಬೇಜಾರಾಗಿದೆ.

ಲೆಕ್ಕಪಕ್ಕಾ
ಸರ್, ನಿಮ್ಮ ಬೇಜಾರು ಇರುವುದು ಆ 57 ಗಂಟೆಯಲ್ಲಿ. ಅರ್ಧ ಹಣ ಮುಂಗಡ, ಉಳಿದದ್ದು ಫೈಲ್ ಕೊಡುವ ಮೊದಲು. ಎಷ್ಟು ಫೋಟೊ, ಎಷ್ಟು ದಿನ, ತಿದ್ದುಪಡಿ ಎಷ್ಟು ಸಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ನಾನು ಈ ಪಾಠ ಕಲಿತದ್ದು ಒಂದು ಕಂಪನಿ ಏಳು ತಿಂಗಳು ಸತಾಯಿಸಿದ ಮೇಲೆ. ಫೋಟೊ ಅವರ ಕ್ಯಾಲೆಂಡರಿನಲ್ಲಿ ಅಚ್ಚಾಗಿ, ಗೋಡೆಗೆ ಬಂದು, ಅರ್ಧ ವರ್ಷ ಹರಿದೂ ಹೋಯಿತು. ನನ್ನ ದುಡ್ಡು ಮಾತ್ರ ಬಂದಿರಲಿಲ್ಲ.

ನೆರಳಿನಾಟ
ಲೆಕ್ಕಪಕ್ಕಾ ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. ಫೋಟೊ ಎಲ್ಲೆಲ್ಲಿ ಬಳಸಬಹುದು, ಎಷ್ಟು ಕಾಲ, ಅದೂ ಆ ಹಾಳೆಯಲ್ಲಿ ಇರಬೇಕು. ಹಕ್ಕಿನ ವಿಷಯದಲ್ಲಿ ನಾವು ತುಂಬಾ ಸಡಿಲ. ಕಾರ್ಟಿಯೆ ಬ್ರೆಸ್ಸಾನ್, ಕಾಪಾ ಥರದ ದೊಡ್ಡ ಫೋಟೊಗ್ರಾಫರುಗಳೆಲ್ಲ ಸೇರಿ ಎರಡನೇ ಮಹಾಯುದ್ಧದ ನಡುವೆ ಮ್ಯಾಗ್ನಂ ಅನ್ನುವ ಫೋಟೊ ಸಂಸ್ಥೆ ಕಟ್ಟಿದ್ದೇ ಇದಕ್ಕೆ ಅಲ್ವಾ?

ಹೈಪೋವಾಸನೆ
ಯುದ್ಧದ ನಡುವೆ ಅಲ್ಲ ತಮ್ಮಾ, ಯುದ್ಧ ಮುಗಿದ ಮೇಲೆ, 1947ರಲ್ಲಿ. ಆ ಇಬ್ಬರ ಜೊತೆ ಡೇವಿಡ್ ಸೀಮೋರ್, ಜಾರ್ಜ್ ರೋಜರ್ ಕೂಡ ಇದ್ದರು. ಉಳಿದ ಮಾತು ಸರಿ. ನೆಗೆಟಿವ್ ಮತ್ತು ಹಕ್ಕು ತೆಗೆದವನ ಬಳಿಯೇ ಉಳಿಯಬೇಕು, ಪತ್ರಿಕೆಗೆ ಬಳಸಲು ಮಾತ್ರ ಕೊಡಬೇಕು ಅಂತಲೇ ಅವರು ಸಹಕಾರಿ ಪದ್ಧತಿಯಲ್ಲಿ ಕಟ್ಟಿಕೊಂಡದ್ದು.

ಗೋಧೂಳಿ
ನಾನು ಬೇರೆ ಕೆಲಸದಲ್ಲಿ ಇದ್ದೇನೆ. ಭಾನುವಾರ ಮಾತ್ರ ಕ್ಯಾಮೆರಾ. ಇಷ್ಟಪಡುವ ವಿಷಯವನ್ನು ಸಂಬಳಕ್ಕೆ ಕಟ್ಟಿದರೆ ಹೀಗೇ ಆಗುತ್ತದೆ ಅಂತ ನನಗೆ ಮೊದಲಿನಿಂದಲೂ ಭಯ ಇತ್ತು. ವಿವಿಯನ್ ಮೇಯರ್ ನೋಡಿ. ಸುಮಾರು 40 ವರ್ಷ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. ಬಿಡುವಿನಲ್ಲಿ ಬೀದಿ ಸುತ್ತಿ ಒಂದು ಲಕ್ಷಕ್ಕೂ ಜಾಸ್ತಿ ಫೋಟೊ ತೆಗೆದರು. ಯಾವ ಕ್ಲೈಂಟೂ ಇಲ್ಲ, ಬಿಲ್ಲೂ ಇಲ್ಲ. ಬರೀ ನೋಡುವ ಸುಖ. ಅದಕ್ಕಿಂತ ದೊಡ್ಡ ಫೋಟೊಗ್ರಾಫರ್ ಯಾರು?

ಟೇಬಲ್‌ಟಾಪ್
ಗೋಧೂಳಿ ಅವರೇ, ಸಂಬಳ ಬಂದರೆ ಸುಖ ಹೋಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ತೆಗೆಯುವುದು ಪಾತ್ರೆ, ನಲ್ಲಿ, ಬೋಲ್ಟು, ಬಾಟಲಿ. ಕ್ಯಾಟಲಾಗ್ ಫೋಟೊ. ಇದರಲ್ಲಿ ಏನಿದೆ ಅಂತ ಕೇಳುವವರಿಗೆ ಒಂದೇ ಒಂದು ಸ್ಟೀಲ್ ಚಮಚದ ಕತೆ ಹೇಳುತ್ತೇನೆ.

ಹೊಳೆಯುವ ಸ್ಟೀಲು ಕನ್ನಡಿ ಇದ್ದಂತೆ. ಅದಕ್ಕೆ ಲೈಟು ಬಿಟ್ಟರೆ ಚಮಚ ಕಾಣಿಸುವುದಿಲ್ಲ, ಲೈಟೇ ಕಾಣಿಸುತ್ತದೆ. ಗುಂಡಿಯಲ್ಲಿ ಇಣುಕಿದರೆ ನಾನು, ಟ್ರೈಪಾಡು, ಕಿಟಕಿ, ಗೋಡೆ ಗಡಿಯಾರ ಎಲ್ಲ ತಲೆಕೆಳಗಾಗಿ ನಿಂತಿರುತ್ತವೆ. ಅದಕ್ಕೆ ಸುತ್ತಲೂ ಟ್ರೇಸಿಂಗ್ ಪೇಪರಿನ ಗುಡಾರ ಕಟ್ಟಬೇಕು. ಹೊರಗಿನಿಂದ ಲೈಟು. ಲೆನ್ಸಿಗೆ ಮಾತ್ರ ಒಂದು ತೂತು. ಆಗ ಚಮಚಕ್ಕೆ ಕಾಣುವುದೆಲ್ಲ ಬಿಳಿ. ಸರಿ, ಆಯಿತಲ್ಲ ಅಂದುಕೊಂಡರೆ ಇಲ್ಲ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಚಮಚ, ಅಂಚೇ ಇಲ್ಲ, ಕಾಗದದಲ್ಲಿ ಕರಗಿ ಹೋದ ಹಾಗೆ. ಈಗ ಬೆರಳಗಲ ಕಪ್ಪು ಕಾಗದದ ಪಟ್ಟಿ ಕತ್ತರಿಸಿ, ಗುಡಾರದ ಒಳಗೆ ಚಮಚದ ಎರಡೂ ಪಕ್ಕ ನಿಲ್ಲಿಸಬೇಕು. ಒಂದು ಕೂದಲೆಳೆ ಆಚೆ ಈಚೆ ಆದರೂ ಗೆರೆ ಮುರಿಯುತ್ತದೆ. ಸರಿಯಾದ ಜಾಗಕ್ಕೆ ಬಂದ ಕೂಡಲೇ ಹಿಡಿಯ ತುದಿಯಿಂದ ಗುಂಡಿಯವರೆಗೆ ಒಂದು ಕಪ್ಪು ಗೆರೆ ಸರ್ರನೆ ಇಳಿಯುತ್ತದೆ. ಅಲ್ಲಿಯವರೆಗೆ ಅದು ಬರೀ ಹೊಳಪು. ಆಮೇಲೆ ಚಮಚ.

ಅರ್ಧ ದಿನ ಹೋಗುತ್ತದೆ. ಆ ಗೆರೆ ಇಳಿಯುವುದನ್ನು ನೋಡಲು ನಾನು ನಾಳೆಯೂ ಬೆಳಿಗ್ಗೆ ಏಳುತ್ತೇನೆ. ಇದಕ್ಕೆ ದುಡ್ಡೂ ಕೊಡುತ್ತಾರೆ. ನನಗೆ ಇದರಲ್ಲಿ ಯಾವ ಜಗಳವೂ ಕಾಣಿಸಿಲ್ಲ.

ಹೊಸಬ24
ಟೇಬಲ್‌ಟಾಪ್ ಅಣ್ಣಾ, ಟ್ರೇಸಿಂಗ್ ಪೇಪರ್ ಬದಲು ಬಿಳಿ ಬಟ್ಟೆ ಆಗುತ್ತಾ?

ಟೇಬಲ್‌ಟಾಪ್
ಬಟ್ಟೆಯ ನೇಯ್ಗೆ ಲೋಹದಲ್ಲಿ ಕಾಣಿಸಿಬಿಡುತ್ತದೆ. ಸುಕ್ಕು ಅಂತೂ ಇನ್ನೂ ಜಾಸ್ತಿ. ಪೇಪರೇ ಇರಲಿ.

ಹೈಪೋವಾಸನೆ
ಗೋಧೂಳಿಯವರೇ, ಮೇಯರ್ ಬಗ್ಗೆ ನೀವು ಹೇಳಿದ ಮಾತಿಗೆ ನನ್ನದೊಂದು ತಕರಾರು ಇದೆ. ಅವರ ಕಣ್ಣಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ತೆಗೆದದ್ದರಲ್ಲಿ ಎಷ್ಟೋ ರೋಲುಗಳನ್ನು ತೊಳೆಸಲೇ ಇಲ್ಲ. 2007ರಲ್ಲಿ ಬಾಡಿಗೆ ಕಟ್ಟದ ಗೋದಾಮಿನ ಸಾಮಾನು ಹರಾಜಾದಾಗ ಪೆಟ್ಟಿಗೆಗಳು ಬೇರೆಯವರ ಕೈಗೆ ಹೋದವು. 2009ರಲ್ಲಿ ಅವರು ತೀರಿಕೊಂಡರು. ಇವತ್ತು ನಾವು "ಮೇಯರ್ ಅವರ ಫೋಟೊ" ಅಂತ ನೋಡುತ್ತಿರುವುದನ್ನು ಆರಿಸಿದವರು ಬೇರೆಯವರು. ಅವರೇ ಆರಿಸಿದ್ದರೆ ಯಾವ ನೂರು ಫೋಟೊ ಉಳಿಯುತ್ತಿದ್ದವು? ಗೊತ್ತಾಗುವುದೇ ಇಲ್ಲ. ನನಗೆ ಅದು ದೊಡ್ಡ ನಷ್ಟ ಅನ್ನಿಸುತ್ತದೆ.

ನಾನು ಕಪ್ಪು ಬಿಳುಪಿನ ಕಾಲದವನು. ಕೆಂಪು ದೀಪದ ಕೋಣೆಯಲ್ಲಿ ಮೊದಲು ಕಾಂಟ್ಯಾಕ್ಟ್ ಶೀಟ್ ಹಾಕುತ್ತಿದ್ದೆವು. ಒಂದೇ ಕಾಗದದ ಮೇಲೆ 36 ಚಿಕ್ಕ ಚಿತ್ರ. ಒದ್ದೆ ಕಾಗದವನ್ನು ಗಾಜಿಗೆ ಅಂಟಿಸಿ, ಭೂತಗನ್ನಡಿ ಹಿಡಿದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಆಗ. ಕ್ಲಿಕ್ಕಿಸುವಾಗ ಅಷ್ಟು ಅಲ್ಲ.

ಗೋಧೂಳಿ
ಆರಿಸದಿದ್ದರೆ ಫೋಟೊಗ್ರಾಫರ್ ಅಲ್ಲ ಅಂತೀರಾ? ಒಪ್ಪುವುದು ಕಷ್ಟ. ಅವರು ಆ ಜಾಗದಲ್ಲಿ, ಆ ಕ್ಷಣದಲ್ಲಿ ನಿಂತದ್ದೇ ಒಂದು ಆಯ್ಕೆ.

ಹೈಪೋವಾಸನೆ
ಅಲ್ಲ ಅಂತ ಎಲ್ಲಿ ಹೇಳಿದೆ? ಅರ್ಧ ಕೆಲಸ ಆಯಿತು, ಇನ್ನರ್ಧ ಉಳಿಯಿತು ಅಂದೆ.

ಹೊಸಬ24
ನನಗೆ ವಯಸ್ಸು 22. ಇದೇ ವೃತ್ತಿ ಮಾಡಬೇಕು ಅಂತ ಆಸೆ. ಮನೆಯಲ್ಲಿ ಬೇಡ ಅನ್ನುತ್ತಾರೆ. ಮೊದಲು ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ಮಿರರ್‌ಲೆಸ್ಸಾ, ಡಿಎಸ್‌ಎಲ್‌ಆರಾ?

ನೆರಳಿನಾಟ
ಕೈಗೆ ಎಟುಕುವುದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಒಂದೇ ಮಾತು ನೆನಪಿಡಿ, ಎರಡು ಕಾರ್ಡ್ ಹಾಕಲು ಜಾಗ ಇರಲಿ. ದುಡ್ಡು ಪಡೆದು ಶೂಟ್ ಮಾಡುವವನಿಗೆ ಅದು ಬೇಕೇ ಬೇಕು. ಒಂದು ಮದುವೆಯಲ್ಲಿ ನನ್ನ ಕಾರ್ಡ್ ಅರ್ಧದಲ್ಲಿ ಕೈಕೊಟ್ಟಿತು. ಎರಡನೆಯ ಕಾರ್ಡಿನಲ್ಲಿ ಎಲ್ಲ ಇತ್ತು. ಇರದಿದ್ದರೆ ಆ ಹುಡುಗಿಯ ಮುಖ ನೋಡುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಲೆಕ್ಕಪಕ್ಕಾ
ಕಾರ್ಡ್ ಕೈಕೊಟ್ಟರೆ ಅದರಲ್ಲಿ ಮತ್ತೊಂದು ಫೋಟೊ ಕೂಡ ತೆಗೆಯಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇ ಬೇಡಿ. ಹೊರಗೆ ತೆಗೆದು ಬೇರೆ ಇಡಿ. ಮೇಲೆ ಏನೂ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರಿನಲ್ಲಿ ಬಹಳಷ್ಟು ಸಲ ವಾಪಸ್ ಸಿಗುತ್ತದೆ. ಮನೆಗೆ ಬಂದ ಮೇಲೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಇದನ್ನು ಪ್ರತಿ ಸಲ ಮಾಡಬೇಕು, ಸುಸ್ತಾದ ರಾತ್ರಿಯೂ ಬಿಡುವ ಹಾಗಿಲ್ಲ.

ಅಂಗಡಿಫೋಟೊ
ಬೆನ್ನು ನೋವಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೊಸಬ, ಎರಡು ಹೆಗಲಿಗೂ ಭಾರ ಹಂಚುವ ಬೆಲ್ಟ್ ತಗೋ ಮಗಾ. ಇಪ್ಪತ್ತೆರಡರಲ್ಲಿ ಏನೂ ಗೊತ್ತಾಗುವುದಿಲ್ಲ.

ಮೂರನೇಕಣ್ಣು
ಬೆಲ್ಟಿನ ಮಾತಿಗೆ ನನ್ನದೂ ಒಂದು ವೋಟು. ಎಲ್ಲರ ಉತ್ತರ ಓದುತ್ತಿದ್ದೇನೆ. ಚಮಚದ ಗೆರೆ ಮನಸ್ಸಿನಿಂದ ಹೋಗುತ್ತಿಲ್ಲ. ನನಗೂ ಅಂಥದ್ದು ಇತ್ತು. ಯಾವಾಗ ಹೋಯಿತೋ ಗೊತ್ತಾಗುತ್ತಿಲ್ಲ.

ಸುದ್ದಿಚೀಲ
ಪತ್ರಿಕೆಗೆ ಫೋಟೊ ತೆಗೆಯುವವನು ನಾನು. ದಣಿವು ಅಂದಾಗ ನನಗೆ ನೆನಪಾಗುವುದು ಡೊರೊತಿಯಾ ಲ್ಯಾಂಗ್. 1936ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದಕ್ಕೆ ಸುಮಾರು ಒಂದು ತಿಂಗಳ ಕಾಲ ಕ್ಯಾಲಿಫೋರ್ನಿಯಾದಲ್ಲಿ ಅಲೆದು ಫೋಟೊ ತೆಗೆದು, ಪೆಟ್ಟಿಗೆ ಕಟ್ಟಿ, ಮಳೆಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದರು. ದಾರಿಯಲ್ಲಿ ಬಟಾಣಿ ಕೀಳುವ ಕೂಲಿಯವರ ಶಿಬಿರ ಅಂತ ಒಂದು ಬೋರ್ಡು. ನೋಡಿಯೂ ಮುಂದೆ ಹೋದರು. ಬೇಕಾದಷ್ಟು ಫೋಟೊ ಆಗಿದೆಯಲ್ಲ ಅಂತ ತಮಗೆ ತಾವೇ ಹೇಳಿಕೊಳ್ಳುತ್ತ 20 ಮೈಲಿ, ಅಂದರೆ 32 ಕಿಲೋಮೀಟರು ಹೋದ ಮೇಲೆ ಕಾರು ತಿರುಗಿಸಿ ವಾಪಸ್ ಬಂದರು. ಮಕ್ಕಳನ್ನು ತಬ್ಬಿ ಕೂತ ಆ ತಾಯಿಯ ಫೋಟೊ, ನಾವೆಲ್ಲ ನೋಡಿರುವುದು, ಆಗಲೇ ತೆಗೆದದ್ದು.

ವಾಪಸ್ ಹೋಗು ಅಂತ ಯಾರೂ ಹೇಳಿರಲಿಲ್ಲ. ಕೆಲಸ ಮುಗಿದಿತ್ತು. ಆ ತಿರುವು ನಮ್ಮೊಳಗೆ ಇರುವವರೆಗೆ ನಾವು ಈ ವೃತ್ತಿಯಲ್ಲಿ ಇರಬಹುದು ಅಂತ ನನ್ನ ನಂಬಿಕೆ.

ನೆರಳಿನಾಟ
ಕತೆಯ ಇನ್ನೊಂದು ಬದಿಯೂ ಹೇಳಿ ಸರ್. ಫೋಟೊದಲ್ಲಿ ಇದ್ದ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಅವರ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ, 42 ವರ್ಷ ಆದ ಮೇಲೆ. ಲ್ಯಾಂಗ್ ಅವರು ಆ ತಾಯಿಯ ಹೆಸರನ್ನು ಕೂಡ ಕೇಳಿರಲಿಲ್ಲ. ಆ ಫೋಟೊದಿಂದ ತಮಗೆ ಒಂದು ಪೈಸೆಯೂ ಸಿಗಲಿಲ್ಲ ಅಂತ ಆಕೆಗೆ ನೋವಿತ್ತು. ನಮಗೆ ಏನು ಸಿಗುತ್ತದೆ ಅಂತ ಮಾತಾಡುವಾಗ ಎದುರು ಕೂತವರಿಗೆ ಏನು ಸಿಗುತ್ತದೆ ಅನ್ನುವುದೂ ಬೇಕಲ್ವಾ?

ಸುದ್ದಿಚೀಲ
ಖಂಡಿತ ಬೇಕು. ಅದು ಸರ್ಕಾರಿ ಕೆಲಸವಾದ್ದರಿಂದ ಫೋಟೊದ ಹಕ್ಕು ಲ್ಯಾಂಗ್ ಅವರಿಗೂ ಇರಲಿಲ್ಲ. ಆದರೆ ಹೆಸರು ಅವರಿಗೆ ಬಂತು, ಆ ತಾಯಿಗೆ ಬರಲಿಲ್ಲ. ಇದನ್ನು ಓದಿದ ಮೇಲೆ ನಾನು ಹೆಸರು ಕೇಳಿ ಬರೆದುಕೊಳ್ಳದೆ ಯಾರ ಫೋಟೊವನ್ನೂ ಕಳಿಸುವುದಿಲ್ಲ. ಸಮಯ ಇಲ್ಲ ಅಂತ ಡೆಸ್ಕಿನವರು ಕೂಗಿದರೂ ಸರಿ.

ನಡತೆಯ ಮಾತು ಬಂದಾಗ ಹೋಮಾಯ್ ವ್ಯಾರಾವಾಲಾ ಅವರನ್ನೂ ಹೇಳಬೇಕು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1970ರಲ್ಲಿ ಕೆಲಸ ಬಿಟ್ಟರು. ಹೊಸ ಪೀಳಿಗೆಯ ಫೋಟೊಗ್ರಾಫರುಗಳ ನಡವಳಿಕೆ ಅವರಿಗೆ ಹಿಡಿಸಲಿಲ್ಲ. 2012ರಲ್ಲಿ ತೀರಿಕೊಳ್ಳುವವರೆಗೂ ಆ ವೃತ್ತಿಗೆ ಮರಳಲಿಲ್ಲ. ಬಿಡುವುದೂ ಒಂದು ನಿಲುವೇ. ಮೂರನೇಕಣ್ಣು, ನೀವು ಬಿಡಿ ಅಂತ ಹೇಳುತ್ತಿಲ್ಲ. ಬಿಟ್ಟವರು ಸೋತವರಲ್ಲ ಅಂತ ಹೇಳಿದೆ ಅಷ್ಟೇ.

ಬೆಳಕಿನಬೀಜ
ತಡವಾಗಿ ಬಂದೆ, ಕ್ಷಮಿಸಿ. ಮೂರನೇಕಣ್ಣು ಅವರೇ, ಒಂದು ಪ್ರಶ್ನೆ. ನಿಮ್ಮ ಲೆಕ್ಕದಲ್ಲಿ ಫೋಟೊ ಆರಿಸುವ ಗಂಟೆಗಳೇ ಇಲ್ಲವಲ್ಲ? 76 ಗಂಟೆಯಲ್ಲಿ ಕಾಪಿ, ಬಣ್ಣ, ಆಲ್ಬಂ ಇದೆ. ಆರಿಸುವುದು ಯಾರು?

ಮೂರನೇಕಣ್ಣು
ನನ್ನ ಹತ್ತಿರ ಕೆಲಸ ಮಾಡುವ ಹುಡುಗ ಆರಿಸುತ್ತಾನೆ. ಎರಡು ವರ್ಷ ಆಯಿತು. ಒಂದು ಶೂಟಿಗೆ ಎರಡು ಮೂರು ಸಾವಿರ ಫ್ರೇಮು ಇರುತ್ತವೆ, ಅವನ್ನೆಲ್ಲ ನೋಡುತ್ತ ಕೂತರೆ ಮುಗಿಯುವುದಿಲ್ಲ. ಅವನು ಮುನ್ನೂರಕ್ಕೆ ಇಳಿಸಿ ಕೊಡುತ್ತಾನೆ, ನಾನು ಬಣ್ಣ ಸರಿ ಮಾಡುತ್ತೇನೆ. ಒಳ್ಳೆಯ ಹುಡುಗ, ತಪ್ಪು ಮಾಡುವುದಿಲ್ಲ.

ಬೆಳಕಿನಬೀಜ
ನಾನು ಅದೇ ಮಾಡಿದ್ದೆ. ಎಲ್ಲರೂ ಕೊಡುವ ಸಲಹೆಯೂ ಅದೇ ಅಲ್ವಾ, ಕಂಪ್ಯೂಟರ್ ಕೆಲಸ ಬೇರೆಯವರಿಗೆ ಕೊಡಿ, ನೀವು ಶೂಟ್ ಮಾಡಿ ಅಂತ. ಸಮಯ ಉಳಿಯಿತು. ಆದರೆ ಮೂರು ನಾಲ್ಕು ತಿಂಗಳಲ್ಲಿ ಏನೋ ಕಳೆದುಹೋದ ಹಾಗೆ ಆಯಿತು. ಶೂಟ್ ಮಾಡುವಾಗ ಕೈ ತಾನಾಗಿ ಓಡುತ್ತಿತ್ತು, ಕಣ್ಣು ನೋಡುತ್ತಿರಲಿಲ್ಲ. ಹತ್ತು ಒತ್ತಿದರೆ ಅವನು ಒಂದು ಆರಿಸುತ್ತಾನೆ ಬಿಡು ಅನ್ನುವ ಧೈರ್ಯ. ನಾನು ಎಲ್ಲಿ ತಡ ಮಾಡಿದೆ, ಎಲ್ಲಿ ಅವಸರ ಮಾಡಿದೆ, ಯಾರ ಹತ್ತಿರ ಹೋಗಲು ಹೆದರಿದೆ, ಅದೆಲ್ಲ ಗೊತ್ತಾಗುವುದು ಕೆಟ್ಟ ಫ್ರೇಮುಗಳಲ್ಲಿ. ನನಗೆ ಬರುತ್ತಿದ್ದದ್ದು ಒಳ್ಳೆಯ ಮುನ್ನೂರು ಮಾತ್ರ. ನನ್ನ ತಪ್ಪುಗಳನ್ನು ನಾನೇ ನೋಡುವುದನ್ನು ನಿಲ್ಲಿಸಿದ್ದೆ.

ಆಮೇಲೆ ಬಣ್ಣದ ಕೆಲಸ, ಆಲ್ಬಂ, ಬಿಲ್ಲು ಎಲ್ಲ ಹೊರಗೆ ಕೊಟ್ಟೆ. ಆರಿಸುವುದನ್ನು ವಾಪಸ್ ತಗೊಂಡೆ. ವಾರಕ್ಕೆ ಆರೇಳು ಗಂಟೆ ಜಾಸ್ತಿ ಹೋಗುತ್ತದೆ. ಅದನ್ನು ಬಿಟ್ಟು ಏನನ್ನು ಬೇಕಾದರೂ ಬಿಡುತ್ತೇನೆ.

ಹೊಸಬ24
ಈಗ ಅದಕ್ಕೂ ಸಾಫ್ಟ್‌ವೇರ್ ಬಂದಿದೆಯಲ್ಲ ಮೇಡಂ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು ಎಲ್ಲ ತಾನೇ ಬೇರೆ ಮಾಡುತ್ತದೆ.

ಬೆಳಕಿನಬೀಜ
ಮಾಡುತ್ತದೆ. ಒಂದೇ ತರಹದ ಇಪ್ಪತ್ತು ಗ್ರೂಪ್ ಫೋಟೊ ಇದ್ದಾಗ ನಾನೂ ಬಳಸುತ್ತೇನೆ. ಆದರೆ ಕಣ್ಣು ಮುಚ್ಚಿದ್ದೆಲ್ಲ ಕೆಟ್ಟ ಫೋಟೊ ಅಲ್ಲ ಕಣೋ. ಅಳು ತಡೆದುಕೊಳ್ಳುವವರು ಕಣ್ಣು ಮುಚ್ಚುತ್ತಾರೆ.

ಲೆಕ್ಕಪಕ್ಕಾ
ನಾನು ಇದಕ್ಕೆ ಒಪ್ಪುವುದಿಲ್ಲ. ಕಾರ್ಟಿಯೆ ಬ್ರೆಸ್ಸಾನ್ ಪ್ರಿಂಟ್ ಮಾಡುವ ಕೆಲಸವನ್ನು ಲ್ಯಾಬಿನವರಿಗೆ ಬಿಟ್ಟಿದ್ದರು. ದೊಡ್ಡವರೇ ಕೆಲಸ ಹಂಚಿಕೊಂಡಿದ್ದಾರೆ. ಎಲ್ಲ ನಾನೇ ಮಾಡುತ್ತೇನೆ ಅಂತ ಕೂತರೆ ಅಂಗಡಿ ಮುಚ್ಚಬೇಕಾಗುತ್ತದೆ.

ಹೈಪೋವಾಸನೆ
ಪ್ರಿಂಟ್ ಬಿಟ್ಟಿದ್ದರು, ಸರಿ. ಕಾಂಟ್ಯಾಕ್ಟ್ ಶೀಟ್ ನೋಡುವುದನ್ನು ಬಿಟ್ಟಿರಲಿಲ್ಲ. ಅಮೆರಿಕದ ನಿಸರ್ಗ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವರದು ಅದಕ್ಕೆ ಪೂರ್ತಿ ಬೇರೆ ದಾರಿ. ಅವರಿಗೆ ಪ್ರಿಂಟೇ ಪ್ರಾಣ. ಪಿಯಾನೊ ಕಲಿತವರು, ನೆಗೆಟಿವ್ ಅಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಅಂದರೆ ಕಛೇರಿ ಅನ್ನುವ ಅರ್ಥದಲ್ಲಿ ಹೇಳುತ್ತಿದ್ದರು. 1941ರಲ್ಲಿ ತೆಗೆದ ಚಂದ್ರೋದಯದ ಒಂದೇ ನೆಗೆಟಿವನ್ನು ಎಷ್ಟೋ ವರ್ಷ ಮತ್ತೆ ಮತ್ತೆ ಪ್ರಿಂಟ್ ಮಾಡಿದರು. ವರ್ಷ ಕಳೆದ ಹಾಗೆ ಆಕಾಶ ಕಪ್ಪಾಗುತ್ತ ಹೋಯಿತು. ಯಾವುದನ್ನು ಕೈಬಿಡಬಾರದು ಅನ್ನುವುದು ಒಬ್ಬೊಬ್ಬರಿಗೆ ಬೇರೆ. ಬೆಳಕಿನಬೀಜ ತಾಯಿಗೆ ಅದು ಆರಿಸುವುದು. ಟೇಬಲ್‌ಟಾಪ್‌ಗೆ ಕಪ್ಪು ಪಟ್ಟಿ. ಅದನ್ನು ಹುಡುಗನ ಕೈಗೆ ಕೊಟ್ಟರೆ ಮುಗಿಯಿತು.

ಟೇಬಲ್‌ಟಾಪ್
ಪಟ್ಟಿ ನಾನು ಯಾರಿಗೂ ಕೊಡುವುದಿಲ್ಲ. ಖಂಡಿತ ಇಲ್ಲ.

ನೆರಳಿನಾಟ
ಎಲ್ಲ ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ಹಾಗೇ ಇರುವ ತಿದ್ದದ ಫೈಲ್ ಕೊಡಿ ಅಂತ ಕೇಳುವ ಕ್ಲೈಂಟುಗಳಿಗೆ ಇದನ್ನೇ ಹೇಳಬೇಕು. ಸ್ವರಲಿಪಿ ಕೊಡಲ್ಲ, ಕಛೇರಿ ಕೇಳಿ ಅಂತ.

ಅಂಗಡಿಫೋಟೊ
ನನ್ನದು ಪಾಸ್‌ಪೋರ್ಟ್ ಸೈಜ್ ಫೋಟೊದ ಅಂಗಡಿ. ನೀವೆಲ್ಲ ದೊಡ್ಡ ಹೆಸರುಗಳನ್ನು ಹೇಳುವಾಗ ನಾನು ಮಾತಾಡಬೇಕೋ ಬೇಡವೋ ಅಂದುಕೊಂಡೆ. 35 ಗುಣಿಸು 45 ಮಿಲಿಮೀಟರು, ಬಿಳಿ ಹಿನ್ನೆಲೆ, ಕಿವಿ ಕಾಣಬೇಕು, ನಗಬಾರದು. ಇದರಲ್ಲಿ ಆರಿಸುವುದು ಏನಿದೆ ಅಂತ ಕೇಳಬಹುದು.

ಒಂದು ದಿನ ಒಬ್ಬರು ಅವರ ತಂದೆಯ ಫೋಟೊ ತಂದರು. ತೀರಿಕೊಂಡು ವಾರ ಆಗಿತ್ತು. ಮನೆಯಲ್ಲಿ ಇದ್ದದ್ದು ಅದೊಂದೇ. ಯಾವುದೋ ಅರ್ಜಿಯಿಂದ ಕಿತ್ತದ್ದು. ಎಡ ಹೆಗಲ ಮೇಲೆ ನೇರಳೆ ಸೀಲು, ಕೆನ್ನೆಯ ಪಕ್ಕ ಸ್ಟೇಪ್ಲರ್ ಪಿನ್ನಿನ ಎರಡು ತೂತು, ತೂತಿನ ಸುತ್ತ ತುಕ್ಕು. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ತೂತು ಮುಚ್ಚಿದೆ, ತುಕ್ಕು ತೆಗೆದೆ, ಸೀಲು ಅಳಿಸಿದೆ. ಹುಬ್ಬಿನ ಹತ್ತಿರ ಒಂದು ಕಪ್ಪು ಗೆರೆ ಇತ್ತು. ಅದನ್ನೂ ಅಳಿಸಲು ಹೋದವನು ಕೈ ತಡೆದು ಅವರನ್ನೇ ಕೇಳಿದೆ, ಇದು ಕಲೆಯಾ, ಗಾಯವಾ ಅಂತ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಗಾಯ, ನಾನು ಚಿಕ್ಕವನಿದ್ದಾಗ ಕಲ್ಲು ಎಸೆದು ಆದದ್ದು ಅಂದರು. ಅದನ್ನು ಹಾಗೇ ಬಿಟ್ಟೆ.

ಅಳಿಸುವುದು ಯಾವುದು, ಬಿಡುವುದು ಯಾವುದು. ನನ್ನ ಅಂಗಡಿಯಲ್ಲೂ ಅದು ಇದೆ.

ಬೆಳಕಿನಬೀಜ
ಅಂಗಡಿಫೋಟೊ ಅವರೇ, ನಮಸ್ಕಾರ ನಿಮಗೆ.

ಗೋಧೂಳಿ
ಈ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಸಂಬಳದ ಬಗ್ಗೆ ನಾನು ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಮೇಯರ್ ಬಗ್ಗೆ ಹೇಳಿದ್ದು ಮಾತ್ರ ಇಲ್ಲ.

ಮೂರನೇಕಣ್ಣು
ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬೆಳಕಿನಬೀಜ ಅವರ ಪ್ರಶ್ನೆ ನನಗೆ ನೇರವಾಗಿ ತಾಗಿತು. ಹಿಂದಿನ ವಾರ ಒಂದು ಕಾರ್ಖಾನೆಯ ಶೂಟ್ ಇತ್ತು, 2,340 ಫ್ರೇಮು. ಹುಡುಗ ಎಂದಿನಂತೆ ಆರಿಸಿಟ್ಟಿದ್ದ. ಅವನಿಗೆ ಬೇಸರ ಆಗದ ಹಾಗೆ ಹೇಳಿ, ಎಲ್ಲವನ್ನೂ ನಾನೇ ಮೊದಲಿನಿಂದ ನೋಡಿದೆ. ರಾತ್ರಿ ಒಂಬತ್ತಕ್ಕೆ ಕೂತವನು ಎದ್ದಾಗ ಎರಡೂವರೆ.

ಮೊದಲ ಒಂದು ಗಂಟೆ ನಾಚಿಕೆ ಆಯಿತು. ಒಂದೇ ಜಾಗದಲ್ಲಿ ನಿಂತು, ಒಂದೇ ಎತ್ತರದಿಂದ, ಸುಮ್ಮನೆ ಒತ್ತಿದ ನೂರಾರು ಫ್ರೇಮು. ಆಮೇಲೆ 1,100ರ ಆಸುಪಾಸಿನಲ್ಲಿ ಒಂದು ಸಿಕ್ಕಿತು. ಲೇತ್ ಮೆಷಿನ್ ಮುಂದೆ ಒಬ್ಬ ಹಿರಿಯರು. ಫೋಟೊ ತೆಗೆಯುತ್ತೇನೆ ಅಂದಾಗ ಅವರು ಕೈ ಒರೆಸಿಕೊಳ್ಳಲು ಬಟ್ಟೆ ತಗೊಂಡರು. ಒರೆಸಿದ ಮೇಲೆ ಅಂಗೈ ಮೇಲೆ ಮಾಡಿ ನೋಡಿಕೊಂಡರು, ಹೋಗಿದೆಯಾ ಇಲ್ಲವಾ ಅಂತ. ಹೋಗಿರಲಿಲ್ಲ. ಗೆರೆಗಳ ಒಳಗೆಲ್ಲ ಎಣ್ಣೆ ಕಪ್ಪಾಗಿ ಉಳಿದಿತ್ತು, ಬಾಗಿಲಿನ ಬೆಳಕು ಅಲ್ಲೇ ಬಿದ್ದಿತ್ತು. ಕಣ್ಣು ಕೆಳಗಿದೆ, ಮುಖ ಅರ್ಧ ನೆರಳು. ಹುಡುಗ ಅದನ್ನು "ಕಣ್ಣು ಮುಚ್ಚಿದೆ" ಅಂತ ತೆಗೆದುಹಾಕಿದ್ದ. ಅವನು ಆರಿಸಿದ್ದು ಮುಂದಿನದು, ಅವರು ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಿರುವುದು. ಅದೂ ಒಳ್ಳೆಯದೇ. ಆದರೆ ಇದನ್ನು ತೆಗೆದದ್ದು ನನಗೆ ನೆನಪೇ ಇರಲಿಲ್ಲ. ನನ್ನ ಬೆರಳು ಒತ್ತಿದೆ, ನಾನು ನೋಡಿರಲಿಲ್ಲ.

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಇನ್ನು ಮೇಲೆ ಆರಿಸುವಾಗ ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಬಣ್ಣದ ಕೆಲಸ ಅವನಿಗೆ ಕೊಟ್ಟೆ, ಖುಷಿಯಾಗಿದ್ದಾನೆ. ಬಿಲ್ಲು, ಬಾಕಿ ವಸೂಲಿಗೆ ಲೆಕ್ಕಪಕ್ಕಾ ಹೇಳಿದ ಹಾಳೆ ತಯಾರು ಮಾಡಿದ್ದೇನೆ. ಆ ಫೋಟೊವನ್ನೂ ಸೇರಿಸಿ ಕ್ಲೈಂಟಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಸುದ್ದಿಚೀಲ
ಅವರ ಹೆಸರು ಕೇಳಿದ್ದಿರಾ?

ಮೂರನೇಕಣ್ಣು
ಇಲ್ಲ ಸರ್. ಸೋಮವಾರ ಹೋಗಿ ಕೇಳುತ್ತೇನೆ. ಒಂದು ಪ್ರಿಂಟ್ ಹಾಕಿಸಿದ್ದೇನೆ, 8 ಗುಣಿಸು 12. ಅದನ್ನೂ ಕೊಟ್ಟು ಬರುತ್ತೇನೆ.

ಹೈಪೋವಾಸನೆ
ಮ್ಯಾಟ್ ಕಾಗದ ತಾನೇ? ಎಣ್ಣೆ ಕೈಯಲ್ಲಿ ಹಿಡಿದರೆ ಗ್ಲಾಸಿಯಲ್ಲಿ ಬೆರಳ ಗುರುತು ಉಳಿದುಬಿಡುತ್ತದೆ.

ಮೂರನೇಕಣ್ಣು
ಮ್ಯಾಟೇ ಹಾಕಿಸಿದ್ದು.